ಫಿಲ್ಟರ್ ನೀರಿನ ಟೈಟ್ರೇಷನ್

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಶ್ರೀನಿವಾಸಪುರದಿಂದ ಫೋನ್ ಮಾಡಿದ್ದಳು. ಅಲ್ಲಿನ ಕಾಲೇಜಿಗೆ ಕೆಮಿಸ್ಟ್ರಿ ಗೆಸ್ಟ್ ಲೆಕ್ಚರರ್ ಆಗಿ ಸೇರಿದ್ದಾಳೆ. ದನಿಯಲ್ಲಿ ಹೊಸ ಸೀರೆ ಉಟ್ಟವರ ಸಂಭ್ರಮ. "ಮೇಡಂ, ನೀವು ಅಷ್ಟು ವರ್ಷ ಲ್ಯಾಬ್ ನಡೆಸಿದೋರು. ನಂಗೆ ಏನಾದ್ರೂ ಟಿಪ್ಸ್ ಕೊಡಿ," ಅಂದಳು. ನನಗೂ ಖುಷಿಯಾಯಿತು. ಆ್ಯಸಿಡ್ ಬಾಟಲಿಗಳನ್ನು ಮೇಲಿನ ಶೆಲ್ಫಿನಲ್ಲಿ ಇಡಬೇಡ, ಹುಡುಗಿಯರ ದುಪಟ್ಟಾ ಪಿನ್ ಮಾಡಿಸು, ಜಡೆ ಕಟ್ಟಿಸು ಅಂತ ಶುರು ಮಾಡಿದೆ. ಅವಳು ಮಧ್ಯೆ ಬಾಯಿ ಹಾಕಿದಳು.

"ಅದೆಲ್ಲ ಗೊತ್ತು ಮೇಡಂ. ಪ್ರಾಕ್ಟಿಕಲ್ ಎಕ್ಸಾಮಿಗೆ ವ್ಯಾಲ್ಯೂ ಯಾವಾಗ ಕೊಡ್ಬೇಕು? ಹಿಂದಿನ ದಿನಾನೇ ಕೊಟ್ಬಿಡೋದಾ, ಇಲ್ಲಾ ಅವತ್ತು ಬೆಳಿಗ್ಗೆನಾ?"

ಫೋನ್ ಕಟ್ ಮಾಡಿದೆ. ಕಾನ್ವೆಂಟಿನಲ್ಲಿ ಕಲಿತವಳು ನಾನು, ಮ್ಯಾನರ್ಸ್ ಗೊತ್ತು. ಆದರೆ ಆ ಕ್ಷಣಕ್ಕೆ ಬಾಯಲ್ಲಿ ಬಂದ ಮಾತು ಹೇಳುವುದಕ್ಕಿಂತ ಫೋನ್ ಕಟ್ ಮಾಡುವುದೇ ಮರ್ಯಾದೆ ಅನ್ನಿಸಿತು. ಕೊಡಬೇಕೋ ಬೇಡವೋ ಅಂತ ಅವಳು ಕೇಳಲಿಲ್ಲ, ನೋಡಿ. ಯಾವಾಗ ಕೊಡಬೇಕು ಅಂತ ಕೇಳಿದಳು. ಮದುವೆಮನೆಯಲ್ಲಿ ತಾಂಬೂಲ ಊಟಕ್ಕೆ ಮುಂಚೆಯೋ ಆಮೇಲೋ ಅಂತ ಕೇಳುವ ಹಾಗೆ.

ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಮಕ್ಕಳೇ, ನಿಮಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಯಾವ ಗ್ರೇಡ್ ಸಿಕ್ಕಿತು, ಯಾವ ಕಮಿಟಿಯಲ್ಲಿದ್ದೆ ಅನ್ನುವುದೆಲ್ಲ ಬೇಡ. ಆ ಪತ್ರಗಳೆಲ್ಲ ಎಲ್ಲೋ ಟ್ರಂಕಿನಲ್ಲಿವೆ, ಅಲ್ಲೇ ಇರಲಿ. ಈ 'ವ್ಯಾಲ್ಯೂ ಕೊಡೋದು' ಅನ್ನುವ ಪದ್ಧತಿ ನಮ್ಮ ಕಡೆ ಹೇಗೆ ಬೆಳೆಯಿತು, ಒಬ್ಬ ಹುಡುಗಿಯ ಎಂ.ಎಸ್ಸಿ. ಸೀಟನ್ನು ಹೇಗೆ ನುಂಗಲು ಬಂತು, ಅಷ್ಟನ್ನು ಹೇಳುತ್ತೇನೆ.

ಕೆಮಿಸ್ಟ್ರಿ ಓದದವರಿಗೂ ಒಂದು ಮಾತು. ಟೈಟ್ರೇಷನ್ ಅಂದರೆ ಮಹಾ ಮಂತ್ರವೇನಲ್ಲ. ಉದ್ದನೆಯ ಗಾಜಿನ ಕೊಳವೆ, ಅದು ಬ್ಯೂರೆಟ್. ಅದರಿಂದ ಒಂದು ದ್ರಾವಣವನ್ನು ಹನಿ ಹನಿಯಾಗಿ ಕೆಳಗಿನ ಫ್ಲಾಸ್ಕಿಗೆ ಬಿಡುತ್ತಾ ಹೋಗಬೇಕು. ಫ್ಲಾಸ್ಕಿನ ಬಣ್ಣ ಥಟ್ಟನೆ ಬದಲಾದ ಕ್ಷಣ ನಲ್ಲಿ ನಿಲ್ಲಿಸಿ, ಎಷ್ಟು ಖರ್ಚಾಯಿತು ಅಂತ ನೋಡಬೇಕು. ಅದೇ ರೀಡಿಂಗ್. ಕಣ್ಣು, ಕೈ, ತಾಳ್ಮೆ, ಇಷ್ಟಿದ್ದರೆ ಸಾಕು. ಆ ಬಣ್ಣ ತಿರುಗುವ ಗಳಿಗೆ ಇದೆಯಲ್ಲ, ಮೈ ಡಿಯರ್, ಅದನ್ನು ನೆನೆದಾಗೆಲ್ಲ ನನಗೆ ಇವತ್ತಿಗೂ ಎದೆ ಝುಮ್ಮೆನ್ನುತ್ತೆ. ನಿವೃತ್ತಿಯಾದ ಮೇಲೆ ನಾನು ಮಿಸ್ ಮಾಡಿಕೊಂಡಿರುವುದು ಸಂಬಳವನ್ನಲ್ಲ, ಅದನ್ನು.

ವ್ಯಾಲ್ಯೂ ಕೊಡುವುದು ಅಂದರೆ, ಎಲ್ಲಿ ನಿಲ್ಲಿಸಬೇಕು ಅಂತ ಪರೀಕ್ಷೆಯಲ್ಲಿ ಮೇಷ್ಟರೇ ಮೊದಲೇ ಹೇಳಿಬಿಡುವುದು. ಹುಡುಗಿ ಬಣ್ಣ ನೋಡಬೇಕಾಗಿಲ್ಲ. ನಲ್ಲಿ ಬಿಟ್ಟು, ಹೇಳಿದ ಗೆರೆಗೆ ಬಂದಾಗ ಮುಚ್ಚಿ, ಬರೆದರೆ ಆಯಿತು.

ನಮಗೆ ಕಲಿಸಿದ ಸಿಸ್ಟರ್ ಬರ್ನಡೆಟ್ ಇದನ್ನು ಕೇಳಿದ್ದರೆ ಜಪಸರ ಕೈಜಾರಿ ಬೀಳುತ್ತಿತ್ತು. ಮಹಾ ಕಟ್ಟುನಿಟ್ಟಿನ ಹೆಂಗಸು. ಆದರೆ ಟೆಸ್ಟ್ ಟ್ಯೂಬ್ ಒಡೆದರೆ ಬೈಯುತ್ತಿರಲಿಲ್ಲ. ತಿಂಗಳ ಕೊನೆಗೆ ಗಾಜಿನ ಚೂರಿನ ಡಬ್ಬ ಖಾಲಿಯಾಗಿದ್ದರೆ ಹುಬ್ಬು ಗಂಟಿಕ್ಕಿ, "ಗರ್ಲ್ಸ್, ವಾಟ್ ಹ್ಯಾವ್ ಯೂ ಬೀನ್ ಡೂಯಿಂಗ್?" ಅನ್ನುತ್ತಿದ್ದರು. ಅವರ ಪ್ರಕಾರ ಏನೂ ಒಡೆಯದ ಲ್ಯಾಬ್ ಅಂದರೆ ಏನೂ ಮಾಡದ ಲ್ಯಾಬ್.

ಅಂಥವರ ಕೈಯಲ್ಲಿ ಪಳಗಿ ನಾನು ಮೊದಲು ಬಂದು ಬಿದ್ದದ್ದು ಮಾಲೂರಿಗೆ. ಹೆಂಚಿನ ಊರು. ಕಿಟಕಿ ತೆಗೆದರೆ ಗೂಡಿನ ಕೆಂಪು ಧೂಳು ಬಂದು ಬೆಂಚಿನ ಮೇಲೆ ಕೂರುತ್ತಿತ್ತು. ಲ್ಯಾಬಿನ ಬೀರುಗಳಿಗೆ ಬೀಗ. ಒಳಗೆ ಒಳ್ಳೊಳ್ಳೆ ಬ್ಯೂರೆಟ್‌ಗಳು ಹುಲ್ಲು, ಪೇಪರ್ ಬಿಚ್ಚದೆ ಮಲಗಿದ್ದವು. ಪ್ರಿನ್ಸಿಪಾಲರು ಕಾಮರ್ಸ್‌ನವರು. ಬೀಗದಕೈ ಕೇಳಲು ಹೋದರೆ, "ಒಡೆದ್ರೆ ಯಾರಮ್ಮಾ ಜವಾಬ್ದಾರಿ? ಆಡಿಟ್‌ನೋರು ನನ್ನ ತಲೆ ತಿಂತಾರೆ," ಅಂದರು.

"ಸಾರ್, ಮಕ್ಕಳು ಕಲಿಯೋದು ಹೇಗೆ?"

"ಇಷ್ಟು ದಿನ ಕಲೀಲಿಲ್ವಾ? ರಿಸಲ್ಟ್ ನೋಡಿ ಹೋಗಿ, ನೂರಕ್ಕೆ ನೂರು!"

ಹೇಗೆ ಕಲಿಯುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. ನನಗಿಂತ ಮುಂಚೆ ಇದ್ದ ಮೇಷ್ಟರು ಬೋರ್ಡಿನ ಮೇಲೆ ಚಾಕ್‌ಪೀಸಿನಲ್ಲಿ ಬ್ಯೂರೆಟ್ ಬರೆಯುತ್ತಿದ್ದರಂತೆ. ಅದರೊಳಗೆ ದ್ರಾವಣವನ್ನೂ ಬರೆದು, ಡಸ್ಟರ್‌ನಿಂದ ಮೇಲಿನಿಂದ ಒರೆಸುತ್ತಾ ಬಂದು, "ಇಲ್ಲಿಗೆ ಬಂತು, ಬಣ್ಣ ಬದಲಾಯ್ತು, ಬರ್ಕೊಳ್ಳಿ," ಅನ್ನುತ್ತಿದ್ದರಂತೆ. ಮಕ್ಕಳು ಚಾಕ್ ಧೂಳಿನ ರೀಡಿಂಗನ್ನು ರೆಕಾರ್ಡಿನಲ್ಲಿ ಅಚ್ಚುಕಟ್ಟಾಗಿ ಬರೆದುಕೊಳ್ಳುತ್ತಿದ್ದರು.

ಆ ಬೀರು ತೆಗೆದದ್ದು ಆಯುಧಪೂಜೆಗೆ. ತೊಳೆದ ಬ್ಯೂರೆಟ್‌ಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದಕ್ಕೂ ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಸಿಕ್ಕಿಸಿ, ಮಂಗಳಾರತಿ ಮಾಡಿ, ಚುರುಮುರಿ ಹಂಚಿ, ಮತ್ತೆ ಒಳಗಿಟ್ಟು ಬೀಗ! ನನಗೆ ಪೂಜೆ ಮೇಲೆ ಸಿಟ್ಟಿಲ್ಲ. ನಮ್ಮ ಕಡೆ ಕುಡುಗೋಲಿಗೂ ಕುಂಕುಮ ಇಡುತ್ತಾರೆ, ಸರಿ. ಆದರೆ ಮಾರನೇ ದಿನ ಆ ಕುಡುಗೋಲಿನಿಂದ ರಾಗಿ ಕೊಯ್ಯುತ್ತಾರೆ.

ನಾನು ಜಗಳವಾಡಿ ಆ ಬೀರು ತೆಗೆಸಿದೆ. ಒಡೆದದ್ದೂ ಆಯಿತು, ಬೈಸಿಕೊಂಡದ್ದೂ ಆಯಿತು. ಆ ವರ್ಷದ ಪರೀಕ್ಷೆಗೆ ಬೇರೆ ಕಾಲೇಜಿನಿಂದ ಬಂದ ಎಕ್ಸ್‌ಟರ್ನಲ್ ಎಕ್ಸಾಮಿನರ್, ದೊಡ್ಡ ಮನುಷ್ಯರು, ಕಾಫಿ ಕುಡಿಯುತ್ತಾ ತಂದೆಯ ಅಕ್ಕರೆಯಿಂದ ಕೇಳಿದರು: "ಮಕ್ಕಳಿಗೆ ವ್ಯಾಲ್ಯೂ ಕೊಟ್ಟಿದ್ದೀರಿ ತಾನೇ? ಪಾಪ, ಹಳ್ಳಿ ಮಕ್ಕಳು." ಆ 'ಪಾಪ' ಅನ್ನುವ ಪದವನ್ನು ನಾನು ಸರ್ವೀಸಿನುದ್ದಕ್ಕೂ ಕೇಳಿದೆ. ಮಕ್ಕಳ ಕೈಯಿಂದ ವಿದ್ಯೆ ಕಿತ್ತುಕೊಳ್ಳುವವರೆಲ್ಲ ಮೊದಲು ಪಾಪ ಅನ್ನುತ್ತಾರೆ.

ಶ್ರೀನಿವಾಸಪುರದಲ್ಲಿದ್ದಾಗ ಇನ್ನೊಂದು ತರದ ಪಾಠವಾಯಿತು. ಅಸಿಟಲೀನ್ ಅನಿಲದ ಬಗ್ಗೆ ಕೇಳಿದರೆ ಹುಡುಗಿಯರು ಫಾರ್ಮುಲಾ, ತಯಾರಿಕೆ, ಉಪಯೋಗ ಎಲ್ಲವನ್ನೂ ಗಿಣಿಯ ಹಾಗೆ ಒಪ್ಪಿಸುತ್ತಿದ್ದರು. ನೋಡಿದ್ದೀರಾ ಅಂದರೆ ಇಲ್ಲ. ಒಂದು ದಿನ ಕಾರ್ಬೈಡ್ ತುಂಡು ತಂದು ನೀರಿಗೆ ಹಾಕಿ, ಬಂದ ಅನಿಲಕ್ಕೆ ಬೆಂಕಿ ತೋರಿಸಿದೆ. ಮಸಿ ಕಾರುತ್ತಾ ಉರಿಯಿತು. ಹಿಂದಿನ ಬೆಂಚಿನ ಹುಡುಗಿ ಮೂಗು ಮುಚ್ಚಿಕೊಂಡು, "ಮೇಡಂ, ಇದಿ ಮಾ ಮಂಡಿ ವಾಸನ!" ಅಂತ ತೆಲುಗಲ್ಲೇ ಕೂಗಿದಳು. ಅವರ ಮಾವಿನ ಮಂಡಿಯಲ್ಲಿ ಕಾಯಿ ಬೇಗ ಹಣ್ಣಾಗಲಿ ಅಂತ ರಾಶಿಯ ನಡುವೆ ಪೊಟ್ಟಣ ಕಟ್ಟಿ ಇಡುವ ಬೂದುಗಲ್ಲು ಅದೇ ಅಂತ ಅವಳಿಗೆ ಅವತ್ತು ಹೊಳೆಯಿತು. ಸರ್ಕಾರ ಅದನ್ನು ಬೇಡ ಅಂದಿದೆ, ಯಾಕೆ ಬೇಡ ಅಂದಿದೆ ಅಂತಲೂ ಹೇಳಿದೆ. ಹುಡುಗಿ ಮನೆಗೆ ಹೋಗಿ ಅಪ್ಪನಿಗೆ ಪಾಠ ಒಪ್ಪಿಸಿದ್ದಾಳೆ. ಮಾರನೇ ದಿನ ಅಪ್ಪ ಪ್ರಿನ್ಸಿಪಾಲರ ಮುಂದೆ ಹಾಜರು.

"ಏನ್ ಮೇಡಂ, ನಮ್ ಹುಡ್ಗೀಗೆ ಡಿಗ್ರಿ ಕೊಡ್ಸಿ ಅಂತ ಕಳ್ಸಿದ್ರೆ, ನಮ್ ಮಂಡಿ ಮುಚ್ಸೋಕ್ ಕಲಿಸ್ತಿದೀರಾ?"

ನಾನು ಉತ್ತರ ಕೊಡುವುದರೊಳಗೆ ಪ್ರಿನ್ಸಿಪಾಲರೇ, "ಇನ್ಮೇಲೆ ಸಿಲಬಸ್ ಮಾತ್ರ ಹೇಳ್ತಾರೆ ಬಿಡಿ," ಅಂದುಬಿಟ್ಟರು. ಅಸಿಟಲೀನ್ ಸಿಲಬಸ್ಸಿನಲ್ಲೇ ಇತ್ತು. ಪುಸ್ತಕದಲ್ಲಿ ಇರಬಹುದು, ಮೂಗಿಗೆ ಬರಬಾರದು ಅಂತ ಅದರ ಅರ್ಥ.

ಆಮೇಲಿನ ವರ್ಷಗಳಲ್ಲಿ ಬದಲಾವಣೆಗಳೇನೂ ಕಮ್ಮಿ ಬರಲಿಲ್ಲ. ಪಿಪೆಟ್ ಅನ್ನುವ ಅಳತೆ ಕೊಳವೆಗೆ ಬಾಯಿಂದ ದ್ರಾವಣ ಎಳೆಯುವುದು ಹೋಗಿ ರಬ್ಬರ್ ಬಲ್ಬ್ ಬಂತು, ದೇವರು ದೊಡ್ಡವನು. ನಾನೇ ಒಮ್ಮೆ ಅಮೋನಿಯಾ ಎಳೆದುಕೊಂಡು ವಾರಗಟ್ಟಲೆ ಸಾರಿನ ರುಚಿ ಗೊತ್ತಾಗದೆ ಒದ್ದಾಡಿದ್ದೆ. ಕೊಳೆತ ಮೊಟ್ಟೆಯ ನಾತದ ಗ್ಯಾಸ್ ಪ್ಲಾಂಟ್ ಮೂಲೆ ಸೇರಿತು. ಸೆಮಿಸ್ಟರ್ ಬಂತು, ಸಿಲಬಸ್ ಬದಲಾಯಿತು, ಮತ್ತೆ ಬದಲಾಯಿತು. ಕೊನೆಗೆ ಪರದೆಯ ಮೇಲೆ ಮೌಸ್ ಒತ್ತಿದರೆ ಹನಿ ಬೀಳುವ ವಿಡಿಯೋ ಲ್ಯಾಬ್ ಬಂತು. ನೋಡಲು ಚೆಂದ. ಕೈ ಸುಡುವುದಿಲ್ಲ, ಬಟ್ಟೆಗೆ ಕಲೆಯಾಗುವುದಿಲ್ಲ. ವ್ಯಾಲ್ಯೂ ಕೊಡುವುದು ಮಾತ್ರ ಒಂದಿಂಚೂ ಕದಲಲಿಲ್ಲ.

ಕೋಲಾರದ ಕಾಲೇಜಿಗೆ ಬಂದ ಮೇಲೆ ನನಗೆ ಬಯೋಕೆಮಿಸ್ಟ್ರಿ ಪೇಪರ್ ಸಿಕ್ಕಿತು. ಆಟಮ್, ಮಾಲಿಕ್ಯೂಲ್ ಅಂತ ಮೊದಲ ವರ್ಷ ಆಕಳಿಸುತ್ತಿದ್ದ ಹುಡುಗಿಯರು ಪ್ರೋಟೀನು, ಸಕ್ಕರೆ, ಎನ್ಜೈಮು ಅಂತ ಬಂದಾಗ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಸುಗಟೂರಿನ ಕಡೆಯವರ ಮನೆಯಲ್ಲಿ ಹಸು ಇತ್ತು, ರೇಷ್ಮೆ ಹುಳು ಇತ್ತು. ಹಾಲು ಯಾಕೆ ಒಡೆಯುತ್ತೆ, ಗೂಡನ್ನು ಯಾಕೆ ಬಿಸಿನೀರಿಗೆ ಹಾಕುತ್ತಾರೆ, ಎಲ್ಲ ಅವರ ಮನೆ ಮಾತೇ.

ನುಸ್ರತ್ ನನಗೆ ಸಿಕ್ಕಿದ್ದು ಆ ಕ್ಲಾಸಿನಲ್ಲಿ. ಮುಳಬಾಗಿಲಿನವಳು, ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಅಪ್ಪ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವರು. ಮನೆಯಲ್ಲಿ ದಖನಿ, ಬೀದಿಯಲ್ಲಿ ತೆಲುಗು, ಕಾಲೇಜಿನಲ್ಲಿ ಕನ್ನಡ. ಮೂರರಲ್ಲೂ ಪ್ರಶ್ನೆ ಕೇಳುವ ಚಟ. ಮೂತ್ರದಲ್ಲಿ ಸಕ್ಕರೆ ಇದೆಯೇ ಅಂತ ನೋಡುವ ಬೆನೆಡಿಕ್ಟ್ ಟೆಸ್ಟ್ ಹೇಳಿಕೊಟ್ಟ ಮರುದಿನ ಅವಳು ಬ್ಯಾಗಿನಿಂದ ತಲೆಗೆಣ್ಣೆ ಬಾಟಲಿಯೊಂದನ್ನು ಮೆಲ್ಲಗೆ ತೆಗೆದಳು.

"ಇದೇನೇ?"

"ನಮ್ ದಾದೀದು ಮೇಡಂ. ಬಾಟ್ಲಿ ಚೆನ್ನಾಗಿ ತೊಳ್ದಿದೀನಿ, ಅಮ್ಮಾನ ಆಣೆ."

ಇಡೀ ಕ್ಲಾಸು ಛೀ ಥೂ ಅಂತ ಹಿಂದೆ ಸರಿಯಿತು. ನಾನು ಸ್ಟವ್ ಹಚ್ಚಿಸಿದೆ. ನೀಲಿ ದ್ರಾವಣ ಹಸಿರಾಗಿ, ಹಳದಿಯಾಗಿ, ಕೊನೆಗೆ ಮಾಲೂರಿನ ಹೆಂಚಿನ ಬಣ್ಣಕ್ಕೆ ತಿರುಗಿತು. ಛೀ ಅಂದವರೆಲ್ಲ ಈಗ ಮುಂದೆ ಬಗ್ಗಿದರು. ನುಸ್ರತ್ ಮಾತ್ರ ಬಿಳಿಚಿಕೊಂಡು, "ಯಾ ಅಲ್ಲಾ, ಇಷ್ಟೊಂದಾ?" ಅಂದಳು. ಆ ವಾರವೇ ಅಜ್ಜಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವತ್ತಿನಿಂದ ನುಸ್ರತ್‌ಗೆ ಒಂದೇ ಹಟ: ಎಂ.ಎಸ್ಸಿ. ಬಯೋಕೆಮಿಸ್ಟ್ರಿ.

ಮನೆಯಲ್ಲಿ ಅದಕ್ಕೆ ಒಪ್ಪಿಗೆ ಅರ್ಧವೇ. ಅವಳ ಅಣ್ಣ ನರಸಾಪುರದ ಫ್ಯಾಕ್ಟರಿಯಲ್ಲಿದ್ದ. ತಂಗಿಗೂ ಅಲ್ಲೇ ಲೈನಿನಲ್ಲಿ ಕೆಲಸಕ್ಕೆ ಮಾತಾಡಿಟ್ಟಿದ್ದ, ಪರೀಕ್ಷೆ ಮುಗಿದ ಮೇಲೆ ಕಂಪನಿ ಬಸ್ ಹತ್ತಿದರೆ ಸಾಕು. ಅಪ್ಪ ಇಬ್ಬರ ನಡುವೆ ನ್ಯಾಯ ತೀರಿಸಿದ್ದರು: ಸರ್ಕಾರಿ ಸೀಟು ಬಂದರೆ ಓದು, ಬರದಿದ್ದರೆ ಫ್ಯಾಕ್ಟರಿ. ಸರ್ಕಾರಿ ಸೀಟಿಗೆ ಡಿಗ್ರಿ ಮಾರ್ಕ್ಸೂ ಲೆಕ್ಕಕ್ಕೆ ಬರುತ್ತದೆ. ಎಲ್ಲರಿಗೂ ತುಂಬಿ ತುಂಬಿ ಕೊಡುವ ಪ್ರಾಕ್ಟಿಕಲ್ ಮಾರ್ಕ್ಸಿನಲ್ಲಿ ಒಬ್ಬಳಿಗೆ ಕಡಿಮೆಯಾದರೆ ಅವಳು ಲಿಸ್ಟಿನ ಬುಡ ಸೇರಿದಳು ಅಂತಲೇ ಅರ್ಥ.

ಆ ವರ್ಷ ಫೈನಲ್ ಇಯರ್ ಪ್ರಾಕ್ಟಿಕಲ್‌ಗೆ ಇಂಟರ್ನಲ್ ಎಕ್ಸಾಮಿನರ್ ನಮ್ಮ ಹೆಚ್.ಓ.ಡಿ. ನನ್ನನ್ನು ಹಾಕಿರಲಿಲ್ಲ. ನನ್ನನ್ನು ಹಾಕಿದರೆ ವ್ಯಾಲ್ಯೂ ಕೊಡುವುದಿಲ್ಲ, ರಿಸಲ್ಟ್ ಬೀಳುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು. ನಾನು ಪಕ್ಕದ ಲ್ಯಾಬಿನಲ್ಲಿ ಜೂನಿಯರ್‌ಗಳನ್ನು ನೋಡಿಕೊಳ್ಳುತ್ತಿದ್ದೆ. ನಿನ್‌ಹೈಡ್ರಿನ್ ಬಾಟಲಿ ಬೇಕಾಗಿ ಪರೀಕ್ಷೆ ನಡೆಯುತ್ತಿದ್ದ ಲ್ಯಾಬಿನ ಸ್ಟೋರಿಗೆ ಹೋದೆ. ಬಾಗಿಲಲ್ಲೇ ಕಾಲು ನಿಂತಿತು.

ಅವತ್ತಿನ ಪ್ರಯೋಗ ಮೆಗ್ನೀಷಿಯಂ ಅಳೆಯುವುದು. ಕೊಟ್ಟ ದ್ರಾವಣಕ್ಕೆ ಡಿಸ್ಟಿಲ್ಡ್ ವಾಟರ್ ಸೇರಿಸಿ ಗುರುತಿನವರೆಗೆ ತುಂಬಿಸಿಕೊಂಡು, ಬಫರ್ ಹಾಕಿ, ಬಣ್ಣ ತೋರಿಸುವ ಇಂಡಿಕೇಟರ್ ಹಾಕಿದರೆ ವೈನ್ ರೆಡ್ ಬಣ್ಣ. ಬ್ಯೂರೆಟ್ಟಿನಿಂದ ಬೀಳುವ ಇಡಿಟಿಎ ಅನ್ನುವ ದ್ರಾವಣ ಏಡಿಯ ಹಾಗೆ ಮೆಗ್ನೀಷಿಯಮ್ಮನ್ನೂ ಕ್ಯಾಲ್ಸಿಯಮ್ಮನ್ನೂ ಕಚ್ಚಿಕೊಳ್ಳುತ್ತದೆ. ಎಲ್ಲವನ್ನೂ ಕಚ್ಚಿ ಮುಗಿಸಿದ ಕೂಡಲೇ ಫ್ಲಾಸ್ಕ್ ನೀಲಿ. ಆ ನೀಲಿಯೇ ಎಂಡ್ ಪಾಯಿಂಟ್.

ಎಲ್ಲ ಹುಡುಗಿಯರೂ ಮುಗಿಸಿ ಕೂತಿದ್ದರು. ಉತ್ತರ ಪತ್ರಿಕೆಯಲ್ಲಿ ಎಲ್ಲರೂ "ವೈನ್ ರೆಡ್‌ನಿಂದ ನೀಲಿ" ಅಂತ ಬರೆದಿದ್ದರು. ಎಲ್ಲರದೂ ಒಂದೇ ರೀಡಿಂಗ್. ಬೆಂಚಿನ ಮೇಲೆ ಸಾಲಾಗಿ ನಿಂತ ಫ್ಲಾಸ್ಕ್‌ಗಳು ಮಾತ್ರ ಈ ತುದಿಯಿಂದ ಆ ತುದಿಯವರೆಗೆ ಕೆಂಪು, ಕೆಂಪು, ಕೆಂಪು. ಕಲ್ಲಂಗಡಿ ಹಣ್ಣಿನ ಜ್ಯೂಸ್ ಅಂಗಡಿ ತರಹ! ಒಂದೇ ಒಂದು ಫ್ಲಾಸ್ಕ್ ನೀಲಿಯಾಗಿತ್ತು. ಅದರ ಹಿಂದೆ ನುಸ್ರತ್ ಕಣ್ಣು ತುಂಬಿಕೊಂಡು ನಿಂತಿದ್ದಳು. ಅವಳ ರೀಡಿಂಗ್ ಸುತ್ತ ಎಕ್ಸ್‌ಟರ್ನಲ್ ಕೆಂಪು ಇಂಕಿನಲ್ಲಿ ಸೊನ್ನೆ ಸುತ್ತಿದ್ದರು.

"ಏನ್ ಸಾರ್ ಇದು?" ಅಂದೆ.

"ನೋಡಿ ಮೇಡಂ, ಎಲ್ಲರಿಗೂ ಕರೆಕ್ಟಾಗಿ ಬಂದಿದೆ. ಇವಳೊಬ್ಬಳದು ಎಲ್ಲೋ ಹೋಗಿದೆ. ಕೈ ಹಿಡಿತ ಇಲ್ಲ, ಓವರ್‌ಶೂಟ್ ಮಾಡಿದ್ದಾಳೆ," ಅಂದರು ಎಕ್ಸ್‌ಟರ್ನಲ್.

"ಮೂರು ಸಲ ಮಾಡ್ದೆ ಸಾರ್. ಮೂರು ಸಲಾನೂ ಅದೇ ಬಂತು," ಅಂದಳು ನುಸ್ರತ್.

ಪಕ್ಕದ ಬೆಂಚಿನ ರೂಪಾ, ಗೌನಿಪಲ್ಲಿಯವಳು, ನುಸ್ರತ್‌ಳ ಗೆಳತಿ, ಪಿಸುಗುಟ್ಟಿದಳು: "ಲೇ, ಸಾರ್ ವ್ಯಾಲ್ಯೂ ಹೇಳಿದ್ರಲ್ಲೇ. ಅದನ್ನ ಬರಿಯೋಕೇನು ನಿಂಗೆ ರೋಗ?"

ಹೆಚ್.ಓ.ಡಿ. ಸೀಲಿಂಗ್ ಫ್ಯಾನ್ ನೋಡಿದರು. ನಾನು ಕೆಂಪು ಫ್ಲಾಸ್ಕೊಂದನ್ನು ಎತ್ತಿ ಅವರ ಮೂಗಿನ ಹತ್ತಿರ ಹಿಡಿದೆ. "ಇದು ನೀಲೀನಾ ಸಾರ್? ಟೆಲ್ ಮಿ. ನಂಗೆ ವಯಸ್ಸಾಗಿದೆ, ಕಣ್ಣು ಮಂಜಾಗಿರಬಹುದು. ನೀವು ಹೇಳಿ."

"ಮೇಡಂ, ನೀವು ನಿಮ್ಮ ಬ್ಯಾಚ್ ನೋಡ್ಕೊಳ್ಳಿ."

"ನೋಡ್ಕೋತೀನಿ. ಮೊದಲು ನೀರು ಎಲ್ಲಿಂದ ತಂದಿರಿ ಹೇಳಿ."

ನನ್ನ ಅನುಮಾನ ನೀರಿನ ಮೇಲೇ ಇತ್ತು. ಡಿಸ್ಟಿಲ್ಡ್ ವಾಟರ್ ಯಂತ್ರದ ಕಾಯಿಲ್ ಸುಟ್ಟು ತಿಂಗಳುಗಳಾಗಿದ್ದವು. ನಮ್ಮ ಬೋರ್‌ವೆಲ್ ನೀರು ಯಾವ ಕಾಯಿಲನ್ನು ಉಳಿಸಿದೆ? ಪಾತ್ರೆ ತಳದಲ್ಲೇ ಸುಣ್ಣ ಕಟ್ಟುವ ನೀರು ಅದು. ರಿಪೇರಿ ಮಾಡಿಸಿ ಅಂತ ನಾನು ಹೇಳಿ ಹೇಳಿ ಸಾಕಾಗಿತ್ತು. ಮೂಲೆಯಲ್ಲಿ ನೀಲಿ ಮುಚ್ಚಳದ ದೊಡ್ಡ ಕ್ಯಾನ್ ಇತ್ತು.

"ಫಿಲ್ಟರ್ ನೀರೇ ಮೇಡಂ!" ಹೆಚ್.ಓ.ಡಿ. ಈಗ ನಿಜಕ್ಕೂ ನೊಂದುಕೊಂಡರು. "ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಹಿಡಿಸಿದ್ದು. ನಮ್ಮನೇಲೂ ಅದನ್ನೇ ಕುಡಿಯೋದು. ಮಗು ಕೂಡ ಕುಡಿಯುತ್ತೆ!"

ಇಲ್ಲೇ ನೋಡಿ. ಬೇರೆ ಊರಿನವರು ಈ ತಪ್ಪು ಮಾಡುತ್ತಿದ್ದರೋ ಇಲ್ಲವೋ, ನಮ್ಮ ಊರಿನವರು ಮಾಡಿಯೇ ಮಾಡುತ್ತಾರೆ. ಬಿಂದಿಗೆ ನೀರಿಗೆ ಒದ್ದಾಡಿದ ಜನ ನಾವು. ಫಿಲ್ಟರ್ ನೀರು ಬಂದ ಮೇಲೆ ನಮಗೆ ಅದಕ್ಕಿಂತ ಪವಿತ್ರವಾದದ್ದು ಇನ್ನೊಂದಿಲ್ಲ. ಆ ಘಟಕದ ಫಿಲ್ಟರ್ ಕೆಟ್ಟು ಎಷ್ಟು ದಿನವಾಗಿದೆ, ನಲ್ಲಿಯಿಂದ ಬರುತ್ತಿರುವುದು ನೇರ ಬೋರ್‌ವೆಲ್ ನೀರೇ ಅಲ್ಲವೇ ಅಂತ ಯಾರೂ ಕೇಳುವುದಿಲ್ಲ. ಮನೆಯವರು ಕೇಳದಿದ್ದರೆ ಬಿಡಿ. ಕೆಮಿಸ್ಟ್ರಿ ಹೆಚ್.ಓ.ಡಿ. ಕೇಳಬೇಡವೇ?

ನಾನು ತೊಳೆದ ಫ್ಲಾಸ್ಕಿಗೆ ಬರೀ ಕ್ಯಾನಿನ ನೀರು ಬಗ್ಗಿಸಿದೆ. ಮೆಗ್ನೀಷಿಯಂ ಇಲ್ಲ, ಏನೂ ಇಲ್ಲ. ಬಫರ್ ಹಾಕಿ, ಚಿಟಿಕೆ ಇಂಡಿಕೇಟರ್ ಹಾಕಿ ಅಲ್ಲಾಡಿಸಿದೆ. ನೀರು ಶುದ್ಧವಾಗಿದ್ದರೆ ನೀಲಿಯಾಗಿಯೇ ಇರಬೇಕಿತ್ತು. ರಕ್ತದ ಹಾಗೆ ಕೆಂಪಾಯಿತು.

ಹುಡುಗಿಯರಿಗೆಲ್ಲ ಆ ಕ್ಷಣಕ್ಕೆ ಅರ್ಥವಾಯಿತು. ನೀರಿನೊಳಗೇ ಇದ್ದ ಸುಣ್ಣವೂ, ಅಂದರೆ ಕ್ಯಾಲ್ಸಿಯಮ್ಮೂ, ಅಳತೆಗೆ ಸಿಕ್ಕಿದೆ. ನಿಜವಾಗಿ ಟೈಟ್ರೇಟ್ ಮಾಡಿದವರಿಗೆ ಯಾರಿಗೇ ಆದರೂ ರೀಡಿಂಗ್ ಜಾಸ್ತಿ ಬರಲೇಬೇಕು. ಜಾಸ್ತಿ ಬಂದಿರುವುದು ಒಬ್ಬಳಿಗೆ. ಅಂದರೆ ಇಡೀ ರೂಮಿನಲ್ಲಿ ಪರೀಕ್ಷೆ ಬರೆದವಳು ಅವಳೊಬ್ಬಳೇ.

ಎಕ್ಸ್‌ಟರ್ನಲ್ ಬುದ್ಧಿವಂತರು. ಕೆಮಿಸ್ಟ್ರಿ ಅಷ್ಟು ಬೇಗ ಹೊಳೆಯಲಿಲ್ಲ, ಪಾಲಿಟಿಕ್ಸ್ ಥಟ್ಟನೆ ಹೊಳೆಯಿತು. ಜೇಬಿನಿಂದ ಕರ್ಚೀಫ್ ತೆಗೆದು ಕುತ್ತಿಗೆ ಒರೆಸಿಕೊಂಡು, ಮೃದುವಾಗಿ ಅಂದರು: "ಸರಿ ಬಿಡಿ ಮೇಡಂ. ಪಾಪ, ಹುಡುಗಿ ಭವಿಷ್ಯದ ಪ್ರಶ್ನೆ. ಅವಳ ರೀಡಿಂಗ್ ಹೊಡೆದುಹಾಕಿ ಎಲ್ಲರ ತರಹ ಬರೀಲಿ. ಫುಲ್ ಮಾರ್ಕ್ಸ್ ಕೊಡ್ತೀನಿ. ಮುಗಿಸೋಣ."

ರೂಪಾ ಮೊಣಕೈಯಿಂದ ತಿವಿದಳು. "ಬರಿಯೇ ತಾಯೀ, ನಿನ್ನ ದಮ್ಮಯ್ಯ. ಬಸ್ ಪೋತುಂದಿ, ಹೊರಟೋಗುತ್ತೆ!"

ನುಸ್ರತ್ ನನ್ನ ಮುಖ ನೋಡಿದಳು. ಬರಿ ಅನ್ನಲು ನಾನ್ಯಾರು, ಬೇಡ ಅನ್ನಲು ನಾನ್ಯಾರು? ಕಂಪನಿ ಬಸ್ ಹತ್ತಬೇಕಾದವಳು ನಾನಲ್ಲ.

ಅವಳು ಪೆನ್ ಕ್ಯಾಪ್ ಹಾಕಿದಳು. "ಅದನ್ನ ನಾನ್ ನೋಡೇ ಇಲ್ಲ ಸಾರ್," ಅಂದಳು. ಅಷ್ಟೇ.

"ಹಾಗಾದರೆ ಮತ್ತೆ ಮಾಡಿಸಿ," ಅಂದೆ ನಾನು. "ಒಳ್ಳೆ ನೀರು ನಾನು ತರ್ತೀನಿ. ಎಲ್ಲರಿಗೂ ಮಾಡಿಸಿ."

ನನ್ನ ಜೂನಿಯರ್ ಬ್ಯಾಚನ್ನು ಸಹೋದ್ಯೋಗಿಯೊಬ್ಬರಿಗೆ ಒಪ್ಪಿಸಿ ಆಟೋ ಹಿಡಿದು ಬಸ್ ಸ್ಟ್ಯಾಂಡ್ ಹತ್ತಿರದ ಬ್ಯಾಟರಿ ಅಂಗಡಿಗೆ ಹೋದೆ. ಆ ಅಂಗಡಿಯಲ್ಲಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಿಗುತ್ತದೆ. "ಇನ್ವರ್ಟರ್‌ಗಾ ಮೇಡಂ?" ಅಂತ ಕೇಳಿದ ಅಂಗಡಿಯವನು.

"ಅಲ್ಲಪ್ಪಾ, ಪರೀಕ್ಷೆಗೆ."

"ಪರೀಕ್ಷೆಗೆ ನಿಂಬೆಹಣ್ಣು ಮಂತ್ರಿಸ್ಕೊಂಡ್ ಹೋಗ್ತಾರೆ, ಬ್ಯಾಟ್ರಿ ನೀರಾ!" ಅಂತ ನಕ್ಕ. ಆ ಸಿಟ್ಟಿನಲ್ಲೂ ನನಗೆ ನಗು ಬಂತು.

ತಂದ ನೀರನ್ನು ಮೊದಲು ಎಲ್ಲರೆದುರಿಗೆ ಪರೀಕ್ಷಿಸಿದೆ. ಬಫರ್, ಇಂಡಿಕೇಟರ್. ನೀಲಿ, ಸಂಜೆ ಆಕಾಶದಂಥ ನೀಲಿ. ನುಸ್ರತ್ ಅದೇ ನೀರಿನಲ್ಲಿ ಗ್ಲಾಸ್‌ವೇರ್ ತೊಳೆದು, ಹೊಸ ದ್ರಾವಣ ತೆಗೆದುಕೊಂಡು, ಮೊದಲಿನಿಂದ ಮಾಡಿದಳು. ಹನಿ, ಹನಿ, ಅರ್ಧ ಹನಿ. ನೀಲಿಗೆ ತಿರುಗಿತು. ಎಕ್ಸ್‌ಟರ್ನಲ್ ತಾವೇ ಬಗ್ಗಿ ರೀಡಿಂಗ್ ನೋಡಿದರು. ಅವರ ಹತ್ತಿರ ಇದ್ದ ವ್ಯಾಲ್ಯೂವೇ ಬಂದಿತ್ತು.

ಉಳಿದವರಿಗೂ ಮಾಡಿಸಿ ಅಂತ ನಾನು ಪಟ್ಟು ಹಿಡಿದಾಗ ಪ್ರಿನ್ಸಿಪಾಲರೇ ಬಂದರು. "ಮೇಡಂ, ಹೆಣ್ಣುಮಕ್ಕಳು. ದೂರ ದೂರ ಹೋಗಬೇಕು. ಕತ್ತಲಾದರೆ ಯಾರು ಜವಾಬ್ದಾರಿ?" ಅಂದರು. ಯಾರಿಗೂ ಮಾಡಿಸಲಿಲ್ಲ. ಹುಡುಗಿಯರು ಕೆಂಪು ಫ್ಲಾಸ್ಕ್‌ಗಳನ್ನು ಸಿಂಕಿಗೆ ಸುರಿದು, ತೊಳೆದಿಟ್ಟು, ಬಸ್ಸಿಗೆ ಓಡಿದರು. ಅವರ ಮೇಲೆ ನನಗೆ ಕೋಪವಿಲ್ಲ. ಮೂರು ವರ್ಷ ವ್ಯಾಲ್ಯೂ ತಿನ್ನಿಸಿ ಬೆಳೆಸಿದ ಮಕ್ಕಳಿಗೆ ಅವತ್ತು ಬ್ಯೂರೆಟ್ ಕೊಟ್ಟು ಮಾಡಿ ಅಂದಿದ್ದರೆ ಅರ್ಧದಷ್ಟು ಜನಕ್ಕೆ ಎಂಡ್ ಪಾಯಿಂಟ್ ಗುರುತಿಸಲೂ ಬರುತ್ತಿರಲಿಲ್ಲ. ರೂಪಾ ಬಾಗಿಲ ಹತ್ತಿರ ನಿಂತು, ತಲೆ ತಗ್ಗಿಸಿ, "ನಮ್ಗೂ ಒಂದ್ಸಲ ತೋರಿಸ್ಬಹುದಿತ್ತು ಮೇಡಂ," ಅಂದು ಹೋದಳು. ಆ ಮಾತು ಹೆಚ್.ಓ.ಡಿ. ಕಿವಿಗೆ ಬೀಳಬೇಕಿತ್ತು. ಅವರು ಆಗಲೇ ಎಕ್ಸ್‌ಟರ್ನಲ್ಲನ್ನು ಊಟಕ್ಕೆ ಕರೆದುಕೊಂಡು ಹೋಗಿದ್ದರು.

ಇದಾದ ಮೇಲೆ ಯಂತ್ರಕ್ಕೆ ಹೊಸ ಕಾಯಿಲ್ ಬಂದಿರಬೇಕು ಅಂತ ನೀವು ಅಂದುಕೊಂಡಿದ್ದರೆ, ನೀವು ಇನ್ನೂ ಕೆಲಸಕ್ಕೆ ಸೇರಿಲ್ಲ ಅಂತ ಅರ್ಥ. ಮರುವರ್ಷ ಆ ಪ್ರಯೋಗವನ್ನೇ ನಮ್ಮ ಪರೀಕ್ಷೆಯ ಪಟ್ಟಿಯಿಂದ ಕೈಬಿಟ್ಟರು. "ಕಾಂಟ್ರವರ್ಸಿ ಬೇಡ" ಅಂದರು. ನೀರು ತಪ್ಪಾಗಿದ್ದರೆ ನೀರು ಬದಲಾಯಿಸಬೇಕು ಅಂತ ಸ್ಟಾಫ್ ಮೀಟಿಂಗಿನಲ್ಲಿ ಕೂಗಿದೆ. ಮಿನಿಟ್ಸ್‌ನಲ್ಲಿ ಅದು 'ಸಲಹೆ ನೀಡಿದರು' ಅಂತ ಬಂತು. ನನ್ನ ಬೀಳ್ಕೊಡುಗೆಯ ದಿನ ಅದೇ ಹೆಚ್.ಓ.ಡಿ. ಶಾಲು ಹೊದಿಸಿ, ನನ್ನ ಪ್ರಾಮಾಣಿಕತೆಯ ಬಗ್ಗೆ ಭಾಷಣ ಮಾಡಿದರು. ಯಂತ್ರ ಪಕ್ಕದ ರೂಮಿನಲ್ಲಿ ಸುಟ್ಟ ಕಾಯಿಲ್ ಸಮೇತ ಕೂತಿತ್ತು.

ಹೊಸಬರೇ, ನಿಮ್ಮ ಪ್ರಿನ್ಸಿಪಾಲರು ಬಯ್ಯಲಿ, ಎಕ್ಸ್‌ಟರ್ನಲ್ ಮುಖ ಸಿಂಡರಿಸಲಿ. ಹುಡುಗಿಯೊಬ್ಬಳ ಫ್ಲಾಸ್ಕ್ ನೀಲಿಯಾಗಿ, ಉಳಿದದ್ದೆಲ್ಲ ಕೆಂಪಾಗಿದ್ದರೆ, ದಯವಿಟ್ಟು ಆ ಒಬ್ಬಳನ್ನು ಅನುಮಾನಿಸುವ ಮುಂಚೆ ಉಳಿದವರಿಗೆ ನೀವು ಏನು ಹೇಳಿಕೊಟ್ಟಿದ್ದೀರಿ ಅಂತ ಕೇಳಿಕೊಳ್ಳಿ. ಇದಕ್ಕಿಂತ ದೊಡ್ಡ ಟಿಪ್ಸ್ ನನ್ನ ಹತ್ತಿರ ಇಲ್ಲ.

ನುಸ್ರತ್‌ಗೆ ಸೀಟು ಸಿಕ್ಕಿತು. ಮೊದಲ ಲಿಸ್ಟಿನಲ್ಲಿ ಇರಲಿಲ್ಲ, ಎರಡನೆಯದರಲ್ಲೂ ಇರಲಿಲ್ಲ. ಅಣ್ಣ ಕಂಪನಿಯ ಐಡಿ ಕಾರ್ಡಿಗೆ ತಂಗಿಯ ಫೋಟೋ ಕೂಡ ತೆಗೆಸಿಬಿಟ್ಟಿದ್ದ. ಕೊನೆಯ ಸುತ್ತಿನಲ್ಲಿ, ಯಾರೋ ಬಿಟ್ಟ ಜಾಗಕ್ಕೆ, ಇವಳ ಹೆಸರು ಬಂತು. ಹಾಸ್ಟೆಲ್ಲಿಗೆ ಹೋಗುವ ಮುಂಚೆ ಅಮ್ಮನ ಜೊತೆ ನಮ್ಮ ಮನೆಗೆ ಬಂದಳು. ಅವರಮ್ಮ ಬುರ್ಖಾದ ಮೇಲಂಚು ಸರಿಸಿ, ತಂದಿದ್ದ ಕೊಬ್ಬರಿ ಮಿಠಾಯಿ ಡಬ್ಬ ನನ್ನ ಕೈಗಿಟ್ಟು, ಕುರ್ಚಿಯ ತುದಿಯಲ್ಲಿ ಕೂತರು.

"ಪ್ರಾಕ್ಟಿಕಲ್‌ನಲ್ಲಿ ಎಷ್ಟು ಕೊಟ್ಟರೇ ನಿಂಗೆ?" ಅಂತ ಕೇಳಿದೆ.

ನುಸ್ರತ್ ನಕ್ಕಳು. "ಟೈಮ್ ಮೀರ್ತು ಅಂತ ಕಟ್ ಮಾಡಿದ್ರು ಮೇಡಂ. ನಮ್ ಕ್ಲಾಸಲ್ಲಿ ಎಲ್ಲಾರ್ಗಿಂತ ಕಮ್ಮಿ ನಂದೇ."

ನನಗೆ ಎದೆ ಉರಿದುಹೋಯಿತು. ನಾನು ಆ ಎಕ್ಸ್‌ಟರ್ನಲ್ಲನ್ನೂ ಹೆಚ್.ಓ.ಡಿ.ಯನ್ನೂ ಇಂಗ್ಲಿಷಿನಲ್ಲಿ ಬೈಯಲು ಶುರು ಮಾಡಿದೆ. ಕೋಪ ಜಾಸ್ತಿಯಾದಾಗ ನನಗೆ ಕಾನ್ವೆಂಟ್ ಬಾಯಿಗೆ ಬರುತ್ತದೆ. ಅವರಮ್ಮ ಅರ್ಥವಾಗದೆ ಮಗಳ ಮುಖ, ನನ್ನ ಮುಖ ನೋಡಿದರು. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಮೆಲ್ಲಗೆ ಕೇಳಿದರು:

"ಬುರಾ ಮತ್ ಮಾನೋ ಮೇಡಂ, ನಂಗೆ ಓದು ಬರಲ್ಲ, ತಪ್ಪು ಕೇಳಿದ್ರೆ ಮಾಫ್ ಮಾಡಿ. ಅಲ್ಲಿ ದೊಡ್ಡ ಕಾಲೇಜಲ್ಲಿ... ಅಲ್ಲಾದ್ರೂ ಇವ್ಳು ತಾನು ನೋಡಿದ್ದು ಬರೀಬೋದಾ?"

ನಾನು ನುಸ್ರತ್ ಕಡೆ ನೋಡಿದೆ. ಅವಳೂ ಉತ್ತರಕ್ಕೆ ಕಾಯುತ್ತಿದ್ದಳು.

"ಬರೀಲಿ ಅಮ್ಮಾ," ಅಂದೆ. ಬರೀಬಹುದು ಅನ್ನಲು ನಾಲಿಗೆ ಏಳಲಿಲ್ಲ.